ರಾಕೆಟ್ ಬಿತ್ತು, ಕಂಪನಿ ‘ಯಶಸ್ವಿ’ ಅಂದಿತು. ನಾನೇನು ಬರೀಬೇಕು?

ಇರುಳುನೋಟ

ಎಲ್ಲರಿಗೂ ನಮಸ್ಕಾರ. ನಾನು ಒಂಬತ್ತು ವರ್ಷದಿಂದ ಫ್ರೀಲಾನ್ಸ್ ವಿಜ್ಞಾನ ಪತ್ರಕರ್ತೆ. ಅದರಲ್ಲಿ ಐದು ವರ್ಷ ಹೆಚ್ಚುಕಡಿಮೆ ಪೂರ್ತಿ ಖಾಸಗಿ ಬಾಹ್ಯಾಕಾಶ ಕಂಪನಿಗಳ ಬಗ್ಗೆಯೇ ಬರೆದಿದ್ದೇನೆ. ಒಂದು ವಿಷಯ ಮನಸ್ಸಲ್ಲಿ ಕೊರೆಯುತ್ತಿದೆ, ಇಲ್ಲಿ ಹೇಳಿಕೊಂಡು ಬಿಡ್ತೇನೆ.

ಕೆಲವು ತಿಂಗಳ ಹಿಂದೆ ಒಂದು ಕಂಪನಿಯ ಮೊದಲ ಹಾರಾಟ ನೋಡೋಕೆ ಹೋಗಿದ್ದೆ. ಹೆಸರು ಬೇಡ. ಪತ್ರಕರ್ತರನ್ನು ನಿಲ್ಲಿಸಿದ ಜಾಗ ಲಾಂಚ್ ಪ್ಯಾಡ್‌ನಿಂದ ಐದು ಕಿಲೋಮೀಟರ್ ದೂರ. ಮೊದಲು ಬೆಳಕು ಕಾಣಿಸಿತು. ಸದ್ದು ಬರೋಕೆ ಹದಿನೈದು ಸೆಕೆಂಡ್ ಬೇಕಾಯಿತು. ಆ ಸದ್ದು ಎದೆಗೆ ಬಡಿಯುವ ಹೊತ್ತಿಗೆ ರಾಕೆಟ್ ಆಗಲೇ ವಾಲತೊಡಗಿತ್ತು. ಕಣ್ಣಿಗೆ ಏನೋ ತಪ್ಪು ಕಾಣ್ತಿದೆ, ಕಿವಿಗೆ ಇನ್ನೂ ಎಲ್ಲ ಸರಿಯಾಗಿಯೇ ಕೇಳ್ತಿದೆ. ಪಕ್ಕದಲ್ಲಿದ್ದವರು ಚಪ್ಪಾಳೆ ತಟ್ಟುತ್ತಲೇ ಇದ್ದರು. ನಲವತ್ತನೇ ಸೆಕೆಂಡಿಗೆ ನೇರಪ್ರಸಾರದ ಪರದೆಯ ಮೂಲೆಯಲ್ಲಿ ವೇಗದ ಅಂಕಿ ನಿಂತುಹೋಯಿತು. ಚಪ್ಪಾಳೆಯೂ ನಿಂತಿತು.

ಹನ್ನೆರಡು ನಿಮಿಷಕ್ಕೆ ಪ್ರೆಸ್ ನೋಟ್ ಬಂತು: ‘ಯಶಸ್ವಿ ಮೊದಲ ಹಾರಾಟ’. ಅದೇ ಹೊತ್ತಿಗೆ ಸಂಪಾದಕರ ಫೋನ್. ‘ಹೆಡ್ಡಿಂಗ್‌ನಲ್ಲಿ ಸ್ಫೋಟ ಅಂತ ಬರಲಿ, ಮುಕ್ಕಾಲು ಗಂಟೆಯಲ್ಲಿ ಆರುನೂರು ಪದ ಬೇಕು’ ಅಂದರು. ಸ್ಫೋಟ ನಾನು ನೋಡಿರಲಿಲ್ಲ. ಯಶಸ್ಸೂ ನೋಡಿರಲಿಲ್ಲ. ‘ನಲವತ್ತು ಸೆಕೆಂಡಿನ ಬಳಿಕ ರಾಕೆಟ್‌ನ ಸಂಪರ್ಕ ತಪ್ಪಿತು, ಕಕ್ಷೆ ತಲುಪಲಿಲ್ಲ’ ಅಂತ ಬರೆದು ಕಳಿಸಿದೆ. ಸಂಪಾದಕರಿಗೆ ಅದು ಸಪ್ಪೆ ಅನ್ನಿಸಿತು. ಕಂಪನಿಗೆ ಸಿಟ್ಟು ಬಂತು. ಮುಂದಿನ ಹಾರಾಟದ ಆಹ್ವಾನ ನನಗೆ ಬರಲೇ ಇಲ್ಲ.

ಈಗ ಇನ್ನೊಂದು ಕಂಪನಿ ಕರೆದಿದೆ. ಟಿಕೆಟ್, ವಸತಿ ಎಲ್ಲ ಅವರದೇ. ಷರತ್ತು ಒಂದೇ: ಎಂಜಿನಿಯರ್‌ಗಳ ಮಾತನ್ನು ಅಚ್ಚಿಗೆ ಹೋಗುವ ಮುಂಚೆ ಅವರಿಗೆ ತೋರಿಸಬೇಕಂತೆ. ಹೋಗಲಾ, ಬೇಡ್ವಾ? ಮತ್ತೆ ರಾಕೆಟ್ ಬಿದ್ದರೆ ಯಾವ ಪದ ಬಳಸಲಿ?

ಬೆಂಕಿಬಾಲ

ಮೊದಲ ಹಾರಾಟದಲ್ಲಿ ನಲವತ್ತು ಸೆಕೆಂಡ್ ಅಂದ್ರೆ ಸಣ್ಣ ಮಾತಲ್ಲ ಮೇಡಂ. ಸ್ಪೇಸ್‌ಎಕ್ಸ್‌ನ ಫಾಲ್ಕನ್ 1 ನೆನಪಿಸಿಕೊಳ್ಳಿ. 2006ರ ಮೊದಲ ಹಾರಾಟದಲ್ಲಿ ಅರ್ಧ ನಿಮಿಷದಲ್ಲೇ ಎಂಜಿನ್ ಕಥೆ ಮುಗಿಯಿತು. ಇಂಧನದ ಕೊಳವೆಯ ಒಂದು ನಟ್ ತುಕ್ಕು ಹಿಡಿದು ಸೋರಿ ಬೆಂಕಿ ಹತ್ತಿತ್ತು. 2007ರಲ್ಲಿ ಮತ್ತೆ ಸೋಲು, 2008ರ ಆಗಸ್ಟ್‌ನಲ್ಲಿ ಮತ್ತೆ. ನಾಲ್ಕನೆಯದು 2008ರ ಸೆಪ್ಟೆಂಬರ್ 28ಕ್ಕೆ ಕಕ್ಷೆ ಸೇರಿತು. ಪ್ರತಿ ಸಲವೂ ‘ವಿಫಲ ವಿಫಲ’ ಅಂತ ಬಾರಿಸುತ್ತಾ ಕೂತರೆ ಹೊಸಬರು ಈ ಕ್ಷೇತ್ರಕ್ಕೆ ಬರೋದಾದರೂ ಹೇಗೆ?

ಸುದ್ದಿಮನೆಹಳಬ

ಬೆಂಕಿಬಾಲ ಅವರೇ, ನಿಮ್ಮ ಉದಾಹರಣೆಯೇ ನಿಮಗೆ ಎದುರು ನಿಂತಿದೆ ನೋಡಿ. ಆ ಮೂರನ್ನೂ ಎಲ್ಲರೂ ಸೋಲು ಅಂತಲೇ ಬರೆದರು. ಕಂಪನಿ ಮುಳುಗಿತಾ? ಮೊದಲ ಮೂರನ್ನೂ ಗೆಲುವು ಅಂತ ಬರೆದಿದ್ದರೆ ನಾಲ್ಕನೆಯದಕ್ಕೆ ಯಾವ ಪದ ಉಳಿಯುತ್ತಿತ್ತು?

ಒಂದುಮಾತು

‘ಬಿತ್ತು’ ಅಂತ ಬರೀರಿ. ಎಲ್ಲರಿಗೂ ಅರ್ಥ ಆಗುತ್ತೆ.

ಮೂರನೇಹಂತ

ನಾನು ರಾಕೆಟ್ ಎಂಜಿನ್ ಪರೀಕ್ಷೆಯ ಕೆಲಸದಲ್ಲಿ ಹಲವು ವರ್ಷ ಇದ್ದವನು. ‘ಬಿತ್ತು’ ಅನ್ನೋದು ಅಷ್ಟು ಸುಲಭ ಇಲ್ಲ. 2017ರ ಮೇ 25ರಂದು ನ್ಯೂಜಿಲೆಂಡ್‌ನ ಮಾಹಿಯಾದಿಂದ ರಾಕೆಟ್ ಲ್ಯಾಬ್ ಕಂಪನಿಯ ಎಲೆಕ್ಟ್ರಾನ್ ರಾಕೆಟ್ ಮೊದಲ ಸಲ ಹಾರಿತು. ಸುಮಾರು ನಾಲ್ಕು ನಿಮಿಷದ ಹೊತ್ತಿಗೆ ನೆಲದಿಂದಲೇ ಹಾರಾಟ ನಿಲ್ಲಿಸಿಬಿಟ್ಟರು. ಹೊರಗಿನವರಿಗೆ ರಾಕೆಟ್ ಕೈಕೊಟ್ಟಿತು ಅಂತಲೇ ಕಾಣಿಸಿತು. ಆಮೇಲೆ ನೋಡಿದರೆ ರಾಕೆಟ್‌ನಲ್ಲಿ ಏನೂ ತಪ್ಪಿರಲಿಲ್ಲ! ಹೊರಗುತ್ತಿಗೆಯವರು ನಡೆಸುತ್ತಿದ್ದ ನೆಲದ ಉಪಕರಣದಲ್ಲಿ ಒಂದು ಸೆಟ್ಟಿಂಗ್ ತಪ್ಪಿತ್ತು. ಅದರಿಂದ ರಾಕೆಟ್ ಎಲ್ಲಿದೆ ಅನ್ನುವ ಮಾಹಿತಿ ಸುರಕ್ಷತಾ ಅಧಿಕಾರಿಗಳ ಪರದೆಗೆ ಸರಿಯಾಗಿ ಬರಲಿಲ್ಲ. ನಿಯಮದ ಪ್ರಕಾರ ಅವರು ಹಾರಾಟ ನಿಲ್ಲಿಸಿದರು.

ಅವತ್ತು ರಾತ್ರಿಯೇ ‘ರಾಕೆಟ್ ವಿಫಲ’ ಅಂತ ಬರೆದವರು ಸರಿನಾ ತಪ್ಪಾ? ಪರೀಕ್ಷಾ ಹಾರಾಟಕ್ಕೆ ಹತ್ತಾರು ಗುರಿ ಇರುತ್ತವೆ. ಎಂಜಿನ್ ಹೊತ್ತಿತಾ, ಟವರ್ ದಾಟಿತಾ, ಗಾಳಿಯ ಒತ್ತಡ ಜಾಸ್ತಿ ಇರುವ ಹಂತ ತಡೆದುಕೊಂಡಿತಾ, ಹೀಗೆ. ಅದನ್ನೆಲ್ಲ ಗೆಲುವು ಸೋಲು ಅನ್ನುವ ಎರಡು ಡಬ್ಬಿಗೆ ತುಂಬಿದರೆ ಒಳಗೆ ಕೆಲಸ ಮಾಡಿದವರ ಹೊಟ್ಟೆ ಉರಿಯುತ್ತೆ.

ಇರುಳುನೋಟ

ಒಪ್ಪುತ್ತೇನೆ ಸರ್. ಆದರೆ ಎಲೆಕ್ಟ್ರಾನ್‌ನಲ್ಲಿ ಕಾರಣ ಗೊತ್ತಾಗಿದ್ದು ಆಗಸ್ಟ್‌ನಲ್ಲಿ. ನನಗಿರೋದು ಮುಕ್ಕಾಲು ಗಂಟೆ. ಅಷ್ಟರೊಳಗೆ ಕಾರಣ ಯಾರಿಗೂ ಗೊತ್ತಿರಲ್ಲ, ಕಂಪನಿಗೂ ಗೊತ್ತಿರಲ್ಲ. ಆದರೂ ‘ಯಶಸ್ವಿ’ ಅನ್ನೋ ಪದ ಮಾತ್ರ ಅವರಿಗೆ ಹನ್ನೆರಡು ನಿಮಿಷಕ್ಕೇ ಸಿಕ್ಕಿತು. ಕಾಡ್ತಿರೋದು ಅದೇ.

ಮಾಜಿಪ್ರಚಾರಕ

ಹನ್ನೆರಡು ನಿಮಿಷಕ್ಕೆ ಹೇಗೆ ಸಿಕ್ಕಿತು ಅಂತ ನಾನು ಹೇಳ್ತೇನೆ. ಇಂಥದ್ದೇ ಒಂದು ಕಂಪನಿಯ ಪ್ರಚಾರ ವಿಭಾಗದಲ್ಲಿ ಮೂರು ವರ್ಷ ಇದ್ದೆ. ಹಾರಾಟದ ವಾರ ಮೊದಲೇ ಪ್ರೆಸ್ ನೋಟ್‌ನ ಕರಡುಗಳು ರೆಡಿ ಇರುತ್ತಿದ್ದವು. ಕಕ್ಷೆ ಸೇರಿದರೆ ಒಂದು, ಮಧ್ಯದಲ್ಲಿ ಕೆಟ್ಟರೆ ಒಂದು, ಪ್ಯಾಡ್ ಮೇಲೇ ಕೆಟ್ಟರೆ ಒಂದು. ಮೂರನ್ನೂ ವಕೀಲರು ಓದಿ ಸಹಿ ಹಾಕಿರುತ್ತಿದ್ದರು. ಮಧ್ಯದಲ್ಲಿ ಕೆಟ್ಟರೆ ಅನ್ನೋ ಕರಡಿನಲ್ಲೂ ಮೊದಲ ಸಾಲಲ್ಲಿ ‘ಯಶಸ್ವಿಯಾಗಿ ಮೇಲೇರಿತು’ ಅಂತ ಇತ್ತು. ಹೂಡಿಕೆದಾರರು ಮೊದಲ ಸಾಲು ಮಾತ್ರ ಓದ್ತಾರೆ ಅನ್ನೋದು ನಮ್ಮ ಲೆಕ್ಕ. ಸುಳ್ಳು ಬರೆದೆವು ಅಂತ ನನಗೆ ಅನ್ನಿಸಲ್ಲ, ಮೇಲೇರಿದ್ದು ನಿಜವೇ. ಆದರೆ ಆ ಸಾಲನ್ನು ಹಾಗೇ ಎತ್ತಿ ಅಚ್ಚು ಹಾಕಿದ ಪತ್ರಿಕೆಗಳನ್ನು ನೋಡಿದಾಗ ನನಗೇ ಸಂಕಟ ಆಗ್ತಿತ್ತು. ಯಾರಾದರೂ ಒಬ್ಬರು ಎರಡನೇ ಸಾಲಿನ ಬಗ್ಗೆ ಫೋನ್ ಮಾಡಿ ಕೇಳಲಿ ಅಂತ ಕಾಯ್ತಿದ್ದೆ.

ಬೆಂಕಿಬಾಲ

ಇದು ಕೇಳಿ ಬೇಜಾರಾಯ್ತು.

ಸುದ್ದಿಮನೆಹಳಬ

ಮಾಜಿಪ್ರಚಾರಕರು ಹೇಳಿದ್ದರಲ್ಲೇ ಉತ್ತರ ಇದೆ. ಅವರು ಮೊದಲೇ ಬರೆದಿಡ್ತಾರೆ. ನೀವೂ ಮೊದಲೇ ಬರೆದಿಡಿ ಇರುಳುನೋಟ ಅವರೇ.

ನಾನು ಡೆಸ್ಕ್‌ನಲ್ಲಿದ್ದಾಗ ವಿಜ್ಞಾನ ವರದಿಗಾರರಿಗೆ ಒಂದು ಅಭ್ಯಾಸ ಮಾಡಿಸಿದ್ದೆ. ಹಾರುವ ಮುಂಚೆ ಕಂಪನಿಗೆ ಇಮೇಲ್ ಹಾಕಿ ನಾಲ್ಕು ಪ್ರಶ್ನೆ ಕೇಳಬೇಕು. ಈ ಹಾರಾಟದ ಗುರಿ ಏನು? ಎಷ್ಟು ಎತ್ತರ, ಯಾವ ಕಕ್ಷೆ? ಏನಾದರೆ ಸೋಲು ಅಂತ ನೀವೇ ಒಪ್ಪುತ್ತೀರಿ? ಕೆಟ್ಟರೆ ಯಾರು ಮಾತಾಡ್ತಾರೆ? ಉತ್ತರ ಬಂದರೆ ಮುನ್ನಾದಿನವೇ ಅದನ್ನು ಸುದ್ದಿ ಮಾಡಿ. ಬರದಿದ್ದರೆ ಅದನ್ನೂ ಬರೆಯಿರಿ. ಮಾರನೇ ದಿನ ರಾಕೆಟ್ ಎಲ್ಲಿಗೆ ಹೋಗಲಿ, ಅಳತೆಗೋಲು ನಿಮ್ಮ ಕೈಯಲ್ಲಿರುತ್ತೆ. ಆಗ ‘ಯಶಸ್ವಿ’ ಅನ್ನೋ ಪದಕ್ಕಾಗಿ ಜಗಳ ಆಡಬೇಕಾಗಿಲ್ಲ. ‘ನಿನ್ನೆ ಇಷ್ಟು ಹೇಳಿದ್ದರು, ಇವತ್ತು ಇಷ್ಟಾಯಿತು’ ಅಂದರೆ ಸಾಕು.

ಮೂರನೇಹಂತ

ಇದು ನ್ಯಾಯ. 2025ರ ಮಾರ್ಚ್ 30ಕ್ಕೆ ನಾರ್ವೆಯ ಆಂಡೊಯಾದಿಂದ ಜರ್ಮನಿಯ ಈಸಾರ್ ಏರೋಸ್ಪೇಸ್‌ನ ಸ್ಪೆಕ್ಟ್ರಮ್ ಹಾರಿತಲ್ಲ, ಸುಮಾರು ಅರ್ಧ ನಿಮಿಷ ಹಾರಿ ಸಮುದ್ರಕ್ಕೆ ಬಿತ್ತು. ಆದರೆ ಮೊದಲ ಹಾರಾಟದಲ್ಲೇ ಕಕ್ಷೆ ತಲುಪುವ ನಿರೀಕ್ಷೆ ಇಲ್ಲ ಅಂತ ಅವರು ಮುಂಚೆಯೇ ಹೇಳಿದ್ದರು. ಮೊದಲೇ ಹೇಳಿದವರಿಗೂ ಬಿದ್ದ ಮೇಲೆ ಹೇಳುವವರಿಗೂ ವ್ಯತ್ಯಾಸ ಇದೆ. ಆ ವ್ಯತ್ಯಾಸ ಓದುಗರಿಗೆ ಗೊತ್ತಾಗಬೇಕು.

ಕಡತಹುಳು

ತಡವಾಗಿ ಬಂದೆ, ಆದರೆ ಈ ಚರ್ಚೆಯಲ್ಲಿ ಒಂದು ಬಿಟ್ಟುಹೋಗ್ತಿದೆ. ಎಲ್ಲರೂ ಮೊದಲ ದಿನದ ಬಗ್ಗೆ ಮಾತಾಡ್ತಿದ್ದೀರಿ. ಈ ಕ್ಷೇತ್ರದ ಅಸಲಿ ಸುದ್ದಿ ಮೂರನೇ ತಿಂಗಳಲ್ಲಿ ಇರುತ್ತೆ, ಕೆಲವು ಸಲ ಮೂರನೇ ವರ್ಷದಲ್ಲಿ.

2015ರ ಜೂನ್ 28ರಂದು ಬಾಹ್ಯಾಕಾಶ ನಿಲ್ದಾಣಕ್ಕೆ ಸಾಮಾನು ಒಯ್ಯುತ್ತಿದ್ದ ಫಾಲ್ಕನ್ 9 ಎರಡೂಕಾಲು ನಿಮಿಷದ ಹೊತ್ತಿಗೆ ಒಡೆದುಹೋಯಿತು. ಮುಂದಿನ ತಿಂಗಳೇ ಸ್ಪೇಸ್‌ಎಕ್ಸ್ ಕಾರಣ ಕೊಟ್ಟಿತು. ಟ್ಯಾಂಕಿನೊಳಗೆ ಹೀಲಿಯಂ ಸಿಲಿಂಡರನ್ನು ಹಿಡಿದಿಡುವ ಒಂದು ಲೋಹದ ಕಡ್ಡಿ, ಹೊರಗಿನಿಂದ ಕೊಂಡದ್ದು, ತಡೆಯಬೇಕಾದ ಭಾರಕ್ಕಿಂತ ತುಂಬಾ ಕಡಿಮೆ ಭಾರಕ್ಕೇ ಮುರಿಯಿತು ಅಂತ. ಎಲ್ಲ ಕಡೆ ‘ಪೂರೈಕೆದಾರನ ಕಳಪೆ ಭಾಗ’ ಅಂತ ಸುದ್ದಿ ಆಯಿತು. ಕತೆ ಮುಗಿಯಿತು ಅಂದುಕೊಂಡೆವು. 2018ರಲ್ಲಿ ನಾಸಾ ತನ್ನದೇ ಸ್ವತಂತ್ರ ತನಿಖೆಯ ಸಾರಾಂಶ ಹೊರಗೆ ಬಿಟ್ಟಿತು. ಮುರಿದ ಜಾಗದ ಬಗ್ಗೆ ಭಿನ್ನಾಭಿಪ್ರಾಯ ಇರಲಿಲ್ಲ. ಆದರೆ ಅದನ್ನು ವಿನ್ಯಾಸದ ತಪ್ಪು ಅಂತ ಕರೆಯಿತು. ಅಷ್ಟು ಭಾರ ಹೊರುವ, ಅಷ್ಟು ತಣ್ಣಗಿರುವ ಜಾಗಕ್ಕೆ ಸಾಮಾನ್ಯ ಕೈಗಾರಿಕಾ ದರ್ಜೆಯ ಎರಕದ ಭಾಗವನ್ನು ಸರಿಯಾಗಿ ಪರೀಕ್ಷೆ ಮಾಡದೆ ಆರಿಸಿದ್ದು ಯಾರು ಅನ್ನೋದೇ ಅವರ ಪ್ರಶ್ನೆ. ಒಂದೇ ಕಡ್ಡಿ, ಎರಡು ಕತೆ.

ಮೊದಲ ಕತೆ ಬರೆದವರಲ್ಲಿ ಎಷ್ಟು ಜನ ಎರಡನೆಯದನ್ನೂ ಬರೆದರು? ಇಲ್ಲೇ ಫ್ರೀಲಾನ್ಸರ್‌ಗೆ ಜಾಗ ಇರೋದು. ಕಾಯಂ ವರದಿಗಾರರು ಅಷ್ಟರಲ್ಲಿ ಬೇರೆ ಐವತ್ತು ಉಡಾವಣೆ ದಾಟಿರುತ್ತಾರೆ.

ಹೊಸದಾರಿ

ಅಕ್ಕ, ನಾನು ಭೌತಶಾಸ್ತ್ರ ಎಂ.ಎಸ್ಸಿ. ಮಾಡ್ತಿದ್ದೇನೆ, ಈ ಕೆಲಸಕ್ಕೇ ಬರಬೇಕು ಅಂತ ಆಸೆ. ಒಂದು ಪ್ರಶ್ನೆ. ಇಂಥ ಕಡತಗಳೆಲ್ಲ ಎಲ್ಲಿ ಸಿಗುತ್ತವೆ? ಒಳಗಿನವರು ಯಾರಾದರೂ ಕೊಡಬೇಕಾ?

ಕಡತಹುಳು

ಒಳಗಿನವರು ಬೇಕಾಗೇ ಇಲ್ಲ ತಂಗಿ, ತುಂಬಾನೇ ಹೊರಗೇ ಬಿದ್ದಿರುತ್ತೆ. ಅಮೆರಿಕದ ಕಂಪನಿಗಳ ವಿಷಯಕ್ಕೆ ಹೇಳ್ತೇನೆ. ರಾಕೆಟ್ ಜೊತೆ ರೇಡಿಯೋ ಮೂಲಕ ಮಾತಾಡಬೇಕು ಅಂದ್ರೆ ಅಲ್ಲಿನ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ಅನುಮತಿ ಬೇಕು, ಆ ಅರ್ಜಿ ಯಾರು ಬೇಕಾದರೂ ನೋಡಬಹುದು. ಕಂಪನಿ ಬಾಯಿಬಿಡುವ ಮೊದಲೇ ಎಲ್ಲಿಂದ, ಸುಮಾರು ಯಾವಾಗ ಅನ್ನೋದು ಅಲ್ಲಿ ಸಿಗುತ್ತೆ. ಉಡಾವಣಾ ಪರವಾನಗಿ, ಅವಘಡದ ತನಿಖೆಯ ಮೇಲ್ವಿಚಾರಣೆ ಅಲ್ಲಿನ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಕೈಯಲ್ಲಿ. ವಿಮಾನಗಳಿಗೂ ಹಡಗುಗಳಿಗೂ ಕೊಡುವ ಎಚ್ಚರಿಕೆಯ ಸೂಚನೆಗಳಲ್ಲಿ ಅವಶೇಷ ಎಲ್ಲಿ ಬೀಳಬಹುದು ಅನ್ನೋ ನಕ್ಷೆಯೇ ಇರುತ್ತೆ. ಕಂಪನಿ ಷೇರುಪೇಟೆಯಲ್ಲಿದ್ದರೆ ವಾರ್ಷಿಕ ವರದಿಯಲ್ಲಿ ‘ಅಪಾಯಗಳು’ ಅನ್ನೋ ಅಧ್ಯಾಯ ಓದು. ಪ್ರೆಸ್ ನೋಟ್‌ನಲ್ಲಿ ಹೇಳದ್ದನ್ನು ಅಲ್ಲಿ ಹೇಳಲೇಬೇಕು, ಮುಚ್ಚಿಟ್ಟರೆ ಹೂಡಿಕೆದಾರರು ಕೋರ್ಟಿಗೆ ಎಳೀತಾರೆ.

ವರ್ಜಿನ್ ಆರ್ಬಿಟ್ 2023ರ ಜನವರಿ 9ಕ್ಕೆ ಬ್ರಿಟನ್ನಿನ ಕಾರ್ನ್‌ವಾಲ್‌ನಿಂದ ಹಾರಿಸಿದ ರಾಕೆಟ್ ಕೈಕೊಟ್ಟಿತು. ಇಂಧನ ಸಾಗುವ ದಾರಿಯಲ್ಲಿ ಒಂದು ಫಿಲ್ಟರ್ ಜಾಗ ಬಿಟ್ಟಿತ್ತು. ಏಪ್ರಿಲ್ 4ಕ್ಕೆ ಕಂಪನಿ ದಿವಾಳಿ ಅರ್ಜಿ ಹಾಕಿತು. ಮೂರು ತಿಂಗಳೂ ತುಂಬಿರಲಿಲ್ಲ. ಹಾರಾಟದ ಸುದ್ದಿ ಬರೆದವರು ನೂರು ಜನ ಇದ್ದರು. ಅದರ ಹಣದ ಲೆಕ್ಕ ತಿಂಗಳುಗಟ್ಟಲೆ ಹಿಂಬಾಲಿಸಿದವರು ಬೆರಳೆಣಿಕೆ.

ಆಕಾಶದೀಪ

ವಿಷಯ ಬದಲಿಸ್ತಿದ್ದೇನೆ, ಕ್ಷಮಿಸಿ. ಈ ‘ಬಾಹ್ಯಾಕಾಶ ಮುಟ್ಟಿ ಬಂದರು’ ಅನ್ನೋ ಹೆಡ್ಡಿಂಗ್ ನೋಡಿದರೆ ನನಗೆ ತಡೆಯಕ್ಕಾಗಲ್ಲ. 2021ರ ಜುಲೈ 11ಕ್ಕೆ ವರ್ಜಿನ್ ಗ್ಯಾಲಕ್ಟಿಕ್ ಸ್ಥಾಪಕ ರಿಚರ್ಡ್ ಬ್ರಾನ್ಸನ್ ಹೋಗಿದ್ದು ಸುಮಾರು 86 ಕಿಲೋಮೀಟರ್. ಜುಲೈ 20ಕ್ಕೆ ಬ್ಲೂ ಒರಿಜಿನ್ ಸ್ಥಾಪಕ ಜೆಫ್ ಬೆಜೋಸ್ ಹೋಗಿದ್ದು ಸುಮಾರು 107. ಗಡಿ 100 ಅಂತ ಕೆಲವರು, 80 ಅಂತ ಅಮೆರಿಕ. ಗಡಿ ಎಲ್ಲಾದರೂ ಇರಲಿ. ಇವೆರಡೂ ಮೇಲೆ ಹೋಗಿ ಕೆಳಗೆ ಬಂದ ಹಾರಾಟ. ಬೆಜೋಸ್ ಹೋದ ರಾಕೆಟ್‌ನ ವೇಗ ಸೆಕೆಂಡಿಗೆ ಒಂದು ಕಿಲೋಮೀಟರ್ ಆಸುಪಾಸು. ಕಕ್ಷೆಯಲ್ಲಿ ಉಳಿಯಬೇಕು ಅಂದ್ರೆ ಸೆಕೆಂಡಿಗೆ ಏಳೂವರೆಯಿಂದ ಎಂಟು ಕಿಲೋಮೀಟರ್ ಬೇಕು. ವೇಗ ಎಂಟು ಪಟ್ಟಾದರೆ ಶಕ್ತಿ ಅರುವತ್ತನಾಲ್ಕು ಪಟ್ಟು. ಇಷ್ಟು ದೊಡ್ಡ ವ್ಯತ್ಯಾಸವನ್ನು ಒಂದೇ ಪದದಲ್ಲಿ ಮುಚ್ಚಿಬಿಡ್ತಾರೆ, ಅಲ್ವಾ?

ಪದಕಟ್ಟು

ನಮ್ಮ ಭಾಷೆಯಲ್ಲಿ ಇದಕ್ಕೆ ‘ಉಪಕಕ್ಷೀಯ’ ಅಂತ ಬರೀತಾರೆ. ಓದಿದವರಿಗೆ ಯಾವುದೋ ಸಣ್ಣ ಕಕ್ಷೆ ಅನ್ನಿಸುತ್ತೆ. ‘ಕಕ್ಷೆ ಮುಟ್ಟದ ಹಾರಾಟ’ ಅಂದರೆ ಏನು ತೊಂದರೆ? ಇನ್ನೊಂದು, ‘ಸ್ಕ್ರಬ್’ ಆದಾಗೆಲ್ಲ ‘ಉಡಾವಣೆ ರದ್ದು’ ಅಂತ ಹಾಕ್ತಾರೆ. ರದ್ದು ಅಂದರೆ ಇನ್ನು ಇಲ್ಲ ಅಂತ. ನಾಳೆ ಮತ್ತೆ ಹಾರಿಸ್ತಾರಲ್ಲ! ‘ಇವತ್ತು ನಿಲ್ಲಿಸಿದರು’ ಅನ್ನಿ, ಇಲ್ಲ ‘ಮುಂದೂಡಿದರು’ ಅನ್ನಿ.

ಸುದ್ದಿಮನೆಹಳಬ

‘ಕಕ್ಷೆ ಮುಟ್ಟದ ಹಾರಾಟ’ ಚೆನ್ನಾಗಿದೆ. ಆದರೆ ಸೋತು ಕಕ್ಷೆ ಮುಟ್ಟಲಿಲ್ಲ ಅಂತ ಓದುಗರು ತಿಳ್ಕೊಂಡರೆ? ನಮ್ಮ ದೇಶದ ಖಾಸಗಿ ಕಂಪನಿ ಸ್ಕೈರೂಟ್‌ನ ವಿಕ್ರಮ್-ಎಸ್ ರಾಕೆಟ್ 2022ರ ನವೆಂಬರ್ 18ಕ್ಕೆ ಶ್ರೀಹರಿಕೋಟಾದಿಂದ ಹಾರಿ 89.5 ಕಿಲೋಮೀಟರ್ ತಲುಪಿತು. ಅದರ ಗುರಿಯೇ ಅಷ್ಟು, ಪೂರ್ತಿ ಗೆದ್ದಿತು. ನಿಮ್ಮ ಪದ ಹಾಕಿದರೆ ಪಾಪ ಅದು ಸೋತಂತೆ ಕೇಳಿಸುತ್ತೆ.

ಪದಕಟ್ಟು

ಹೌದು, ಅದು ಹೊಳೆದಿರಲಿಲ್ಲ. ‘ಮೇಲೇರಿ ಇಳಿಯುವ ಹಾರಾಟ’?

ಆಕಾಶದೀಪ

ಇದು ನನಗೆ ಹಿಡಿಸಿತು.

ಒಂದುಮಾತು

‘ಗಗನಯಾತ್ರಿ’ ಅಂತ ಯಾರನ್ನು ಕರೆಯೋದು? ಟಿಕೆಟ್ ಕೊಂಡವರನ್ನೂ?

ಆಕಾಶದೀಪ

ಎಫ್‌ಎಎ ಖಾಸಗಿ ಯಾನಿಗಳಿಗೂ ರೆಕ್ಕೆಯ ಬ್ಯಾಡ್ಜ್ ಕೊಡುತ್ತಿತ್ತು. ಹೋಗಿಬರುವವರು ಜಾಸ್ತಿಯಾದಂತೆ 2021ರ ಕೊನೆಗೆ ಆ ಕಾರ್ಯಕ್ರಮವನ್ನೇ ನಿಲ್ಲಿಸಿತು. ನನ್ನ ಮಟ್ಟಿಗೆ, ಏನು ಕೆಲಸ ಮಾಡಿದರು ಅನ್ನೋದನ್ನ ಬರೆದರೆ ಸಾಕು. 2024ರ ಸೆಪ್ಟೆಂಬರ್‌ನಲ್ಲಿ ಪೋಲಾರಿಸ್ ಡಾನ್ ಅನ್ನೋ ಖಾಸಗಿ ಯಾನದ ತಂಡದ ಇಬ್ಬರು ನೌಕೆಯ ಬಾಗಿಲಿಂದ ಹೊರಗೆ ಬಂದು ಹೊಸ ಉಡುಪನ್ನು ಪರೀಕ್ಷೆ ಮಾಡಿದರು. ಖಾಸಗಿಯಾಗಿ ನಡೆದ ಮೊದಲ ಬಾಹ್ಯಾಕಾಶ ನಡಿಗೆ ಅದು. ಅವರನ್ನು ಬರೀ ‘ಪ್ರವಾಸಿ’ ಅನ್ನೋದೂ ಅನ್ಯಾಯ.

ಲೆನ್ಸ್‌ಕಣ್ಣು

ಮೂಲ ಪ್ರಶ್ನೆಗೆ ವಾಪಸ್ ಬರೋಣ. ಕಂಪನಿ ದುಡ್ಡಲ್ಲಿ ಹೋಗಬೇಕಾ ಅಂತ. ನಾನು ಉಡಾವಣೆಗಳ ಫೋಟೋ ತೆಗೆಯುವವನು, ನಾನೂ ಫ್ರೀಲಾನ್ಸ್. ಖರ್ಚು ಏನು ಅಂತ ಹೊರಗಿನವರಿಗೆ ಗೊತ್ತಾಗಲ್ಲ. ಪ್ಯಾಡ್ ಹತ್ತಿರ ಮನುಷ್ಯರನ್ನು ಬಿಡಲ್ಲ, ಅದಕ್ಕೇ ಹಿಂದಿನ ದಿನ ಕ್ಯಾಮೆರಾ ಇಟ್ಟು ಬರ್ತೇವೆ. ಸದ್ದಿಗೆ ತಾನಾಗೇ ಶಟರ್ ಒತ್ತುವ ಪೆಟ್ಟಿಗೆ ಜೋಡಿಸಿರುತ್ತೆ. ಮಳೆಗೆ ಪ್ಲಾಸ್ಟಿಕ್ ಸುತ್ತಿ, ಟ್ರೈಪಾಡ್ ಕಾಲಿಗೆ ಮರಳಿನ ಚೀಲ ಕಟ್ಟಿ, ಇಬ್ಬನಿ ಕೂರಬಾರದು ಅಂತ ಲೆನ್ಸ್ ಸುತ್ತ ಕೈ ಬಿಸಿ ಮಾಡ್ಕೊಳ್ಳೋ ಪೊಟ್ಟಣ ಕಟ್ಟಿ ಬರ್ತೇವೆ. ಆಮೇಲೆ ಗಾಳಿ ಜಾಸ್ತಿ ಅಂತ ನಿಲ್ಲಿಸ್ತಾರೆ. ಮಾರನೇ ದಿನ ಒಂದು ವಾಲ್ವ್ ಸರಿ ಇಲ್ಲ ಅಂತಾರೆ. ಮೂರನೇ ದಿನ ನಿಷೇಧಿತ ಸಮುದ್ರಕ್ಕೆ ಒಂದು ದೋಣಿ ನುಗ್ಗಿತು ಅಂತಾರೆ. ಹೋಟೆಲ್ ಬಿಲ್ ಏರ್ತಾ ಇರುತ್ತೆ. ಒಮ್ಮೆ ಆರು ದಿನ ಕಾದು, ಏಳನೇ ದಿನ ದುಡ್ಡಿಲ್ಲದೆ ವಾಪಸ್ ಬಂದೆ. ಎಂಟನೇ ದಿನ ಹಾರಿತು. ಅವತ್ತು ಅತ್ತಿದ್ದೆ.

ಅದಕ್ಕೇ ಹೇಳ್ತೇನೆ, ಟಿಕೆಟ್ ಕೊಟ್ಟರೆ ತಗೊಳ್ಳಿ, ‘ಪ್ರಯಾಣದ ಖರ್ಚು ಕಂಪನಿಯದು’ ಅಂತ ಲೇಖನದ ಕೆಳಗೆ ಹಾಕಿ. ಹೊಟ್ಟೆಗೆ ಬಟ್ಟೆಗೆ ಇಲ್ಲದೆ ಯಾವ ಪತ್ರಿಕೋದ್ಯಮ?

ಸುದ್ದಿಮನೆಹಳಬ

ನಿಮ್ಮ ಕಷ್ಟ ಗೊತ್ತು, ಆದರೂ ಒಪ್ಪಲ್ಲ. ಟಿಕೆಟ್‌ಗಿಂತ ದೊಡ್ಡದು ಆ ಷರತ್ತು. ಮಾತನ್ನು ಮೊದಲೇ ತೋರಿಸಬೇಕು ಅಂದರೆ ಬದಲಾಯಿಸೋ ಹಕ್ಕು ಕೊಟ್ಟಂತೆ. ಎಂಜಿನಿಯರ್ ಒಬ್ಬ ಬಾಯ್ತಪ್ಪಿ ನಿಜ ಹೇಳಿದ್ದರೆ ಅದೇ ಸಾಲು ಹೋಗುತ್ತೆ. ಅಂಕಿಅಂಶ ಸರಿ ಇದೆಯಾ ಅಂತ ಓದಿ ಹೇಳೋದು ಬೇರೆ, ಅದನ್ನು ನೀವೇ ಫೋನ್ ಮಾಡಿ ಕೇಳಿ.

ಮೂರನೇಹಂತ

ಸ್ವಲ್ಪ ತಡೀರಿ. ಎಂಜಿನಿಯರ್‌ಗಳ ಕಡೆಯೂ ನೋಡಿ. ರಾಕೆಟ್ ತಂತ್ರಜ್ಞಾನಕ್ಕೆ ಅಮೆರಿಕದಲ್ಲಿ ರಫ್ತು ನಿಯಂತ್ರಣದ ಕಾನೂನಿದೆ. ಪರದೇಶದವರಿಗೆ ಏನು ಹೇಳಬಹುದು, ಯಾವ ಭಾಗದ ಫೋಟೋ ತೆಗೆಯಲು ಬಿಡಬಹುದು ಅನ್ನೋದಕ್ಕೆಲ್ಲ ಮಿತಿ ಇದೆ. ತಪ್ಪಿದರೆ ಕಂಪನಿಗಷ್ಟೇ ಅಲ್ಲ, ಎಂಜಿನಿಯರ್‌ಗೂ ಶಿಕ್ಷೆ ಆಗಬಹುದು. ಮೊದಲು ತೋರಿಸಿ ಅಂತ ಕೇಳೋದೆಲ್ಲ ಮುಚ್ಚಿಡೋಕೆ ಅಂತ ತಿಳ್ಕೋಬೇಡಿ.

ಇರುಳುನೋಟ

ಆ ಕಾನೂನು ನನಗೆ ಚೆನ್ನಾಗಿ ಗೊತ್ತು ಸರ್, ಅದರಿಂದಲೇ ಎರಡು ಸಲ ಕಾರ್ಖಾನೆಯ ಬಾಗಿಲಲ್ಲೇ ನಿಂತಿದ್ದೇನೆ. ಬೇರೆ ದೇಶದ ಪತ್ರಕರ್ತರು ಅಲ್ಲಿ ಪಾಸಿಗೆ ಅರ್ಜಿ ಹಾಕೋ ಕೊನೇ ದಿನಾಂಕವೂ ಬೇಗ ಬರುತ್ತೆ. ಫ್ರೀಲಾನ್ಸರ್ ಆದರೆ ಯಾವ ಪತ್ರಿಕೆಗೆ ಬರೀತೀರಿ ಅನ್ನೋ ಪತ್ರ ಬೇರೆ ತರಬೇಕು. ರಫ್ತು ಕಾನೂನಿಗಾಗಿ ನೋಡಬೇಕು ಅಂತ ಅವರು ಬರವಣಿಗೆಯಲ್ಲಿ ಕೊಟ್ಟರೆ, ಅಷ್ಟಕ್ಕೆ ಮಾತ್ರ ನೋಡ್ತೇವೆ ಅಂದರೆ, ನಾನು ಯೋಚನೆ ಮಾಡ್ತೇನೆ. ಇವರು ಕೇಳಿದ್ದು ‘ಸಂದೇಶ ಸರಿಯಾಗಿ ಹೋಗಲಿ ಅಂತ’.

ಮಾಜಿಪ್ರಚಾರಕ

‘ಸಂದೇಶ’ ಅಂತ ಬಂದಿದೆಯಾ? ಹಾಗಾದ್ರೆ ರಫ್ತು ಕಾನೂನಿಗೂ ಅದಕ್ಕೂ ಸಂಬಂಧ ಇಲ್ಲ. ಬೇಡ.

ಹೊಸದಾರಿ

ಹಾಗಾದ್ರೆ ಕಂಪನಿ ದುಡ್ಡು ಬೇಡ, ಪತ್ರಿಕೆ ದುಡ್ಡು ತಡವಾಗಿ ಬರುತ್ತೆ. ಬದುಕೋದು ಹೇಗೆ ಅಕ್ಕ? ನಿಜವಾಗಿ ಕೇಳ್ತಿದ್ದೇನೆ.

ಇರುಳುನೋಟ

ನಿಜವಾಗಿಯೇ ಹೇಳ್ತೇನೆ ತಂಗಿ. ಬರೀ ಉಡಾವಣೆ ಸುದ್ದಿಯಿಂದ ಬದುಕೋಕೆ ಆಗಲ್ಲ. ನೇರಪ್ರಸಾರ ಎಲ್ಲರ ಫೋನಿನಲ್ಲೂ ಬರುತ್ತೆ. ‘ಹಾರಿತು’ ಅಂತ ಹೇಳೋಕೆ ನನ್ನ ಅಗತ್ಯ ಯಾರಿಗೂ ಇಲ್ಲ. ಒಂದು ಪ್ರಯಾಣದಿಂದ ಮೂರು ಲೇಖನ ಮಾಡ್ತೇನೆ. ಒಂದು ಸುದ್ದಿ, ಒಂದು ಆ ಊರಿನ ಅಥವಾ ಕೆಲಸಗಾರರ ಕತೆ, ಒಂದು ನಿಧಾನವಾಗಿ ವಿವರಿಸುವ ಬರಹ. ಮೂರೂ ಬೇರೆ ಬೇರೆ ಪತ್ರಿಕೆಗೆ. ಕರಾರಿನಲ್ಲಿ ಎರಡು ಸಾಲು ಇರಲೇಬೇಕು: ಉಡಾವಣೆ ಮುಂದೆ ಹೋದರೆ ಕಾದ ದಿನಗಳ ಖರ್ಚು ಯಾರದ್ದು, ಬರೆದ ಮೇಲೆ ಅವರು ಬೇಡ ಅಂದರೆ ಎಷ್ಟು ಕೊಡ್ತಾರೆ. ‘ಪ್ರಕಟವಾದ ಮೇಲೆ ಹಣ’ ಅನ್ನೋದನ್ನ ‘ಒಪ್ಪಿದ ಮೇಲೆ ಹಣ’ ಅಂತ ತಿದ್ದಿಸು. ಉಡಾವಣೆ ಮುಂದೆ ಹೋದ ಹಾಗೆಲ್ಲ ಪ್ರಕಟಣೆಯೂ ಹೋಗುತ್ತೆ, ನಿನ್ನ ಬಾಡಿಗೆ ಕಾಯಲ್ಲ. ನಾನು ಪಠ್ಯಪುಸ್ತಕ ತಿದ್ದೋ ಕೆಲಸವನ್ನೂ ಮಾಡ್ತೇನೆ. ಆದರೆ ಬಾಹ್ಯಾಕಾಶ ಕಂಪನಿಗಳಿಗೆ ಒಂದು ಸಾಲೂ ಬರೆದುಕೊಡಲ್ಲ, ಅವರ ಷೇರು ಕೊಳ್ಳಲ್ಲ.

ಬೆಂಕಿಬಾಲ

ಇಷ್ಟು ಹೊತ್ತು ಓದಿದ ಮೇಲೆ ನನ್ನ ಮೊದಲ ಕಾಮೆಂಟಿನ ಒಂದು ಭಾಗ ವಾಪಸ್ ತಗೋತೇನೆ. ಆದರೆ ಒಂದು ಮಾತು ಬಿಡಲ್ಲ. ಪತ್ರಕರ್ತರು ಕಾರಣ ಗೊತ್ತಿಲ್ಲದೇ ಊಹೆ ಬರೆಯೋದು ಕಂಪನಿಯ ಪ್ರಚಾರಕ್ಕಿಂತ ಕೆಟ್ಟದ್ದು. 2014ರ ಅಕ್ಟೋಬರ್ 31ಕ್ಕೆ ವರ್ಜಿನ್ ಗ್ಯಾಲಕ್ಟಿಕ್‌ನ ನೌಕೆ ಪರೀಕ್ಷಾ ಹಾರಾಟದಲ್ಲಿ ಒಡೆದು ಒಬ್ಬ ಪೈಲಟ್ ಸತ್ತರು. ಆ ಸಲ ಎಂಜಿನ್‌ನ ಇಂಧನ ಬದಲಾಗಿತ್ತು. ಅದಕ್ಕೇ ಎಂಜಿನ್ ಸ್ಫೋಟ ಅಂತ ಎಷ್ಟೋ ಜನ ಬರೆದೇಬಿಟ್ಟರು. ಎರಡು ದಿನಕ್ಕೆ ತನಿಖಾ ಸಂಸ್ಥೆ ಹೇಳಿತು, ಟ್ಯಾಂಕು ಎಂಜಿನ್ನು ಎರಡೂ ಒಡೆಯದೆ ಸಿಕ್ಕಿವೆ ಅಂತ. ನೌಕೆ ಇಳಿಯುವಾಗ ಬಾಲ ಮಡಚಲೆಂದು ಇರುವ ವ್ಯವಸ್ಥೆಯ ಬೀಗವನ್ನು ಮೇಲೇರುವಾಗ ತುಂಬಾ ಬೇಗ ತೆಗೆದದ್ದು ಕಾರಣ ಅಂತ ಆಮೇಲೆ ಗೊತ್ತಾಯಿತು. ಆ ಎರಡು ದಿನ ಎಂಜಿನ್ ತಂಡದವರು ಏನೆಲ್ಲ ಅನುಭವಿಸಿರಬೇಕು ಅಂತ ಯೋಚಿಸಿ.

ಕಡತಹುಳು

ಇದು ನೂರಕ್ಕೆ ನೂರು ಸರಿ. ಮತ್ತೆ ಆ ತನಿಖೆಯ ಕೊನೇ ವರದಿ ಪೈಲಟ್ ಬೀಗ ಬೇಗ ತೆಗೆದರು ಅಂತ ಹೇಳಿ ಸುಮ್ಮನಾಗಲಿಲ್ಲ. ಒಬ್ಬ ಮನುಷ್ಯನ ಒಂದು ತಪ್ಪಿಗೇ ನೌಕೆ ಹೋಗುವಂತಿತ್ತು, ಅದನ್ನು ತಯಾರಕರು ಯೋಚಿಸಿರಲಿಲ್ಲ ಅಂತಲೂ ಹೇಳಿತು. ಆ ಎರಡನೇ ಭಾಗ ಸುದ್ದಿಗಳಲ್ಲಿ ಕಡಿಮೆ ಬಂತು.

ಆಕಾಶದೀಪ

ತಪ್ಪು ಒಪ್ಪಿಕೊಳ್ಳೋದಕ್ಕೂ ಒಂದು ಒಳ್ಳೇ ಉದಾಹರಣೆ ಇದೆ. 2022ರ ಶುರುವಿನಲ್ಲಿ ‘ಸ್ಪೇಸ್‌ಎಕ್ಸ್ ರಾಕೆಟ್ ತುಂಡು ಚಂದ್ರನಿಗೆ ಬಡಿಯಲಿದೆ’ ಅಂತ ಎಲ್ಲ ಕಡೆ ಸುದ್ದಿ. ಅದನ್ನು ಮೊದಲು ಲೆಕ್ಕ ಹಾಕಿದ್ದು ಆಕಾಶಕಾಯಗಳ ದಾರಿ ಲೆಕ್ಕ ಹಾಕುವ ತಂತ್ರಾಂಶ ಬರೆಯುವ ಬಿಲ್ ಗ್ರೇ. ಆಮೇಲೆ ಅವರಿಗೇ ತಮ್ಮ ಹಳೇ ಗುರುತು ತಪ್ಪು ಅಂತ ಗೊತ್ತಾಯಿತು. ತಾವಾಗಿಯೇ ಬಹಿರಂಗವಾಗಿ ತಿದ್ದಿದರು, ಅದು ಚೀನಾದ 2014ರ ಚಂದ್ರಯಾನದ ರಾಕೆಟ್ ತುಂಡು ಇರಬೇಕು ಅಂತ. ಚೀನಾ ಅಲ್ಲಗಳೆಯಿತು. ಮಾರ್ಚ್ 4ಕ್ಕೆ ಅದು ಚಂದ್ರನ ಆಚೆ ಬದಿಗೆ ಬಡಿಯಿತು. ಮೊದಲ ಸುದ್ದಿ ಹಾಕಿದ ಎಷ್ಟೋ ಕಡೆ ಹೆಡ್ಡಿಂಗ್ ಬದಲಾಗಲೇ ಇಲ್ಲ.

ಲೆನ್ಸ್‌ಕಣ್ಣು

ಸ್ಪೇಸ್‌ಎಕ್ಸ್‌ನ ದೈತ್ಯ ರಾಕೆಟ್ ಸ್ಟಾರ್‌ಶಿಪ್‌ನ ಮೊದಲ ಹಾರಾಟದ ಬಗ್ಗೆ ಯಾರೂ ಹೇಳಲಿಲ್ಲ. 2023ರ ಏಪ್ರಿಲ್ 20. ಎಲ್ಲರ ಕ್ಯಾಮೆರಾ ಆಕಾಶದ ಕಡೆ, ನಾಲ್ಕು ನಿಮಿಷಕ್ಕೆ ರಾಕೆಟ್ ಚೂರಾದದ್ದೇ ಚಿತ್ರ. ದೊಡ್ಡ ಸುದ್ದಿ ನೆಲದಲ್ಲಿತ್ತು. ಪ್ಯಾಡ್‌ನ ಕಾಂಕ್ರೀಟ್ ಕಿತ್ತು ಹಾರಿತ್ತು, ಅದರ ಪುಡಿ ಹತ್ತು ಕಿಲೋಮೀಟರ್ ಆಚೆವರೆಗೂ ಬಿತ್ತು, ಪಕ್ಕದ ಉದ್ಯಾನದ ಜಾಗದಲ್ಲಿ ಬೆಂಕಿ. ಕೊನೆಗೆ ತನಿಖಾ ವರದಿಯಲ್ಲಿ 63 ತಿದ್ದುಪಡಿಗಳಿವೆ ಅಂತ ಎಫ್‌ಎಎ ಹೇಳಿತು. ನೆಲದ ಕಡೆ ಲೆನ್ಸ್ ಇಟ್ಟವರ ಚಿತ್ರಕ್ಕೆ ಆಮೇಲೆ ಬೆಲೆ ಬಂತು.

ಇರುಳುನೋಟ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ದಿನ ಯೋಚನೆ ಮಾಡಿ ತೀರ್ಮಾನಕ್ಕೆ ಬಂದೆ. ಟಿಕೆಟ್ ಬೇಡ ಅಂತ ಬರೆದೆ, ಷರತ್ತು ಒಪ್ಪಲ್ಲ ಅಂತಲೂ ಬರೆದೆ. ಕಂಪನಿ ದುಡ್ಡಿಲ್ಲದೇ ಹೋಗ್ತೇನೆ. ಎರಡು ಪತ್ರಿಕೆಗಳು ಖರ್ಚನ್ನು ಅರ್ಧರ್ಧ ಹಂಚಿಕೊಳ್ಳೋಕೆ ಒಪ್ಪಿವೆ, ನಾಲ್ಕು ದಿನ ಕಾಯೋವರೆಗೆ. ಪತ್ರಕರ್ತರ ಜಾಗಕ್ಕೆ ಬಿಡದಿದ್ದರೆ ಜನ ನಿಂತು ನೋಡೋ ಕಡಲತೀರದಿಂದಲೇ ನೋಡ್ತೇನೆ, ಹನ್ನೊಂದು ಕಿಲೋಮೀಟರ್ ದೂರ.

ಹಳಬರ ನಾಲ್ಕು ಪ್ರಶ್ನೆ ನಿನ್ನೆ ಕಂಪನಿಗೆ ಕಳಿಸಿದೆ. ಅಚ್ಚರಿ ಅಂದರೆ ಇವತ್ತು ಬೆಳಿಗ್ಗೆಯೇ ಉತ್ತರ ಬಂತು. ಗುರಿ ಹೇಳಿದ್ದಾರೆ, ಎತ್ತರ ಹೇಳಿದ್ದಾರೆ, ಕೆಟ್ಟರೆ ಮುಖ್ಯ ಎಂಜಿನಿಯರೇ ಮಾತಾಡ್ತಾರಂತೆ. ‘ಏನಾದರೆ ಸೋಲು’ ಅನ್ನೋದಕ್ಕೆ ಮಾತ್ರ ಉತ್ತರ ಖಾಲಿ ಬಿಟ್ಟಿದ್ದಾರೆ. ನಾಳೆಯ ಲೇಖನದಲ್ಲಿ ನಾಲ್ಕೂ ಪ್ರಶ್ನೆ ಹಾಕ್ತೇನೆ, ಖಾಲಿ ಜಾಗದ ಸಮೇತ.

ಮಾಜಿಪ್ರಚಾರಕ

ಹಾಕಿದ ಮೇಲೆ ಲೇಖನವನ್ನು ಅವರಿಗೂ ಕಳಿಸಿ. ಮೂರನೆಯದಕ್ಕೆ ಉತ್ತರ ಹಾರಾಟದ ಮುಂಚೆಯೇ ಬರಬಹುದು. ನಾವು ಅಲ್ಲಿದ್ದಾಗ ಖಾಲಿ ಜಾಗ ಅಚ್ಚಾದರೆ ಎಲ್ಲರೂ ಓಡಾಡ್ತಿದ್ವಿ.

ಮೂರನೇಹಂತ

ಮುಖ್ಯ ಎಂಜಿನಿಯರ್ ಸಿಕ್ಕರೆ ‘ಯಾಕೆ ಬಿತ್ತು’ ಅಂತ ಅವತ್ತೇ ಕೇಳಬೇಡಿ, ಅವರಿಗೂ ಗೊತ್ತಿರಲ್ಲ. ‘ಕೊನೆಯ ಮಾಹಿತಿ ಎಷ್ಟನೇ ಸೆಕೆಂಡಿಗೆ ಬಂತು, ಆಗ ಎಷ್ಟು ಎತ್ತರದಲ್ಲಿತ್ತು’ ಅಂತ ಕೇಳಿ. ಅದಕ್ಕೆ ಉತ್ತರ ಕೊಡೋಕೆ ಅವರಿಗೂ ಇಷ್ಟ ಆಗುತ್ತೆ.

ಲೆನ್ಸ್‌ಕಣ್ಣು

ಹನ್ನೊಂದು ಕಿಲೋಮೀಟರ್ ಅಂದ್ರೆ ಸದ್ದು ಬರೋಕೆ ಅರ್ಧ ನಿಮಿಷಕ್ಕಿಂತ ಜಾಸ್ತಿ. ಫೋನಿನಲ್ಲಿ ಮೊದಲೇ ರೆಕಾರ್ಡಿಂಗ್ ಹಾಕಿಡಿ. ಬೆಳಗಿನ ಜಾವ ಆದರೆ ಆ ಬಿಸಿ ಪೊಟ್ಟಣ ಮರೀಬೇಡಿ, ಕಡಲತೀರದಲ್ಲಿ ಇಬ್ಬನಿ ಜಾಸ್ತಿ.